ಸಣ್ಣ ದೋಣಿ, ಆಳದ ಮೀನು: ಟ್ರೌಟ್, ಸಾಲ್ಮನ್‌ಗೆ ಗಾಳ ಇಳಿಸುವ ನಾಲ್ಕು ದಾರಿಗಳ ಹೋಲಿಕೆ

ಬೇಸಿಗೆ ಬಲಿತ ಮೇಲೆ ಟ್ರೌಟ್ ಆಗಲಿ, ಸಾಲ್ಮನ್ ಆಗಲಿ ಸರೋವರದ ಮೇಲ್ನೀರಿನಲ್ಲಿ ನಿಲ್ಲುವುದಿಲ್ಲ. ಅವಕ್ಕೆ ತಂಪು ಬೇಕು. ರೇನ್‌ಬೋ ಟ್ರೌಟ್‌ಗೆ ಸುಮಾರು 12ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಿತ. ಲೇಕ್ ಟ್ರೌಟ್ ಇನ್ನೂ ತಣ್ಣನೆಯ, 10 ಡಿಗ್ರಿ ಆಸುಪಾಸಿನ ನೀರು ಹುಡುಕಿಕೊಂಡು ಇಳಿಯುತ್ತದೆ. ಮೇಲೆ 21, 22 ಡಿಗ್ರಿ ಇರುವಾಗ ಮೀನು ಮೂವತ್ತೋ ಐವತ್ತೋ ಅಡಿ ಕೆಳಗಿರುತ್ತದೆ. ನನ್ನದು 14 ಅಡಿಯ ಅಲ್ಯೂಮಿನಿಯಂ ದೋಣಿ. ಹೆಚ್ಚಿನ ದಿನ ಅದರಲ್ಲಿ ನಾನೊಬ್ಬನೇ. ಮೋಟಾರ್ ಹಿಡಿಯುವುದು, ಗಾಳ ನೋಡಿಕೊಳ್ಳುವುದು, ಕೈಬಲೆ ಹಾಕುವುದು ಎಲ್ಲಾ ಇದೇ ಎರಡು ಕೈಗಳು.

ಚಲಿಸುವ ದೋಣಿಯ ಹಿಂದೆ ಗಾಳ ಎಳೆಯುವುದಕ್ಕೆ ಟ್ರೋಲಿಂಗ್ ಅನ್ನುತ್ತಾರೆ. ಎಳೆಯುವ ಗಾಳವನ್ನು ಕೆಳಗಿಳಿಸಲು ನಾಲ್ಕು ದಾರಿಗಳನ್ನು ಮೂರು ಬೇಸಿಗೆ ಪ್ರಯತ್ನಿಸಿದೆ: ಭಾರವೇ ಇಲ್ಲದ ಬರೀ ದಾರ, ಒಳಗೆ ಸೀಸವಿರುವ ಲೆಡ್‌ಕೋರ್ ದಾರ, ಗುಂಡು ಇಳಿಬಿಡುವ ಡೌನ್‌ರಿಗ್ಗರ್, ಮತ್ತೆ ನೀರಿನೊಳಗೆ ಮುಳುಗುವ ಡೈವರ್ ತಟ್ಟೆ. ಹೋಲಿಕೆ ಸರಿಯಾಗಿರಲಿ ಅಂತ ನಾಲ್ಕಕ್ಕೂ ಒಂದೇ ಬಗೆಯ ಸ್ಪೂನ್, ಅಂದರೆ ಮರಿ ಮೀನಿನ ಹಾಗೆ ಹೊಳೆಯುವ ಲೋಹದ ತಗಡಿನ ಗಾಳ, ಕಟ್ಟಿದೆ. ಬೆರಳುದ್ದದ್ದು, ಒಂದು ಬದಿ ಬೆಳ್ಳಿ, ಇನ್ನೊಂದು ಬದಿ ತಾಮ್ರದ ಬಣ್ಣ. ವೇಗವೂ ಆದಷ್ಟು ಒಂದೇ, ಗಂಟೆಗೆ 3 ಕಿಲೋಮೀಟರ್ ಹತ್ತಿರ.

ಯಾವುದು ಎಷ್ಟು ಆಳಕ್ಕೆ ಹೋಗುತ್ತದೆ ಎಂದು ಅಳೆಯುವುದು ಸುಲಭ. ನಾನೂ ಅಲ್ಲಿಂದಲೇ ಶುರು ಮಾಡಿದೆ. ಆದರೆ ಮೊದಲ ಬೇಸಿಗೆ ಮುಗಿಯುವಷ್ಟರಲ್ಲಿ ನಾನು ಕೇಳುವ ಪ್ರಶ್ನೆಯೇ ಬದಲಾಗಿತ್ತು. ಮೀನು ಕಚ್ಚಿದ ಮೇಲಿನ ಎರಡು ನಿಮಿಷದಲ್ಲಿ ಒಬ್ಬ ಮನುಷ್ಯನಿಗೆ ಏನೇನು ಕೆಲಸ ಬೀಳುತ್ತದೆ? ಈಗ ನಾನು ಅಳೆಯುವುದು ಅದನ್ನೇ.

ಬರೀ ದಾರದ್ದು ಸರಳ ಲೆಕ್ಕ. ದೋಣಿಯ ಹಿಂದೆ ನಲವತ್ತು, ಐವತ್ತು ಮೀಟರ್ ದಾರ ಬಿಟ್ಟರೆ ಮುಗಿಯಿತು. ಹಗುರವಾದ ಸ್ಪೂನ್ ನಾಲ್ಕೈದು ಅಡಿಗಿಂತ ಹೆಚ್ಚು ಇಳಿಯುವುದಿಲ್ಲ. ಸರೋವರದ ಮೇಲಿನ ಮಂಜುಗಡ್ಡೆ ಕರಗಿದ ಹೊಸದರಲ್ಲಿ, ಮೇಲೂ ಕೆಳಗೂ ಒಂದೇ ತಂಪಿರುವ ವಾರಗಳಲ್ಲಿ, ಅಷ್ಟು ಸಾಕು. ಬೇಸಿಗೆಯಲ್ಲಿ ಬೆಳಕು ಹರಿಯುವ ಮುಂಚಿನ ಒಂದು ಗಂಟೆಯೂ ಕೆಲವೊಮ್ಮೆ ಸಿಗುತ್ತದೆ. ಕಚ್ಚಿದ ಮೀನಿಗೂ ನಿಮಗೂ ನಡುವೆ ಬೇರೇನೂ ಇಲ್ಲ. ಸಾಲ್ಮನ್ ನೀರಿನಿಂದ ಮೇಲೆ ಹಾರಿದರೆ ಗಾಳದ ಕೋಲಿನ ತುದಿಯಲ್ಲೇ ಗೊತ್ತಾಗುತ್ತದೆ. ಈ ದಾರಕ್ಕೆ ನಾನು ಸ್ಪೂನ್‌ಗಿಂತ ಫ್ಲೈ ಎಂಬ, ಗರಿ ಕಟ್ಟಿದ ಉದ್ದನೆಯ ಗಾಳವನ್ನೇ ಜಾಸ್ತಿ ನಂಬುತ್ತೇನೆ, ಅದರಲ್ಲೂ ಗ್ರೇ ಘೋಸ್ಟ್. ಸ್ಮೆಲ್ಟ್ ಎಂಬ ಸಣ್ಣ ಮೀನಿನ ಹಾಗೆ ಕಾಣುವ ಇದನ್ನು ರೂಪಿಸಿದವರು ಅಮೆರಿಕದ ಮೇನ್ ರಾಜ್ಯದ ಕ್ಯಾರಿ ಸ್ಟೀವನ್ಸ್. 1924ರಲ್ಲಿ ಅವರು ತಾವೇ ಕಟ್ಟಿದ ಫ್ಲೈಯಿಂದ 6 ಪೌಂಡ್ 13 ಔನ್ಸಿನ ಬ್ರೂಕ್ ಟ್ರೌಟ್ ಹಿಡಿದಿದ್ದರು.

ಬರೀ ದಾರಕ್ಕೆ ಮೋಟಾರ್‌ಗಿಂತ ಹುಟ್ಟು ಮೇಲು. ಒಂದೊಂದು ಎಳೆತಕ್ಕೂ ದೋಣಿ ಮುಂದೆ ಚಿಮ್ಮಿ ಮತ್ತೆ ನಿಧಾನವಾಗುತ್ತದೆ. ಹಿಂದೆ ಬರುವ ಗಾಳವೂ ಹಾಗೇ, ಓಡಿ, ಸೋತು, ಮತ್ತೆ ಓಡುತ್ತದೆ. ಗಾಯಗೊಂಡ ಮರಿ ಮೀನು ಈಜುವುದೂ ಹೀಗೇ ಅಲ್ವಾ? ಬಿಸಿಲೇರಿದ ಮೇಲೆ ಮಾತ್ರ ಈ ದಾರ ಹಿಡಿದು ಸುತ್ತುವುದರಲ್ಲಿ ಅರ್ಥವಿಲ್ಲ. ಮೀನಿನ ತಲೆಯ ಮೇಲೆ ಮೂವತ್ತು ಅಡಿ ಎತ್ತರದಲ್ಲಿ ಗಾಳ ಹೋಗುತ್ತಿರುತ್ತದೆ, ಅಷ್ಟೇ.

ಲೆಡ್‌ಕೋರ್ ಬಗ್ಗೆ ಹೇಳಲು ತುಂಬಾ ಇದೆ. ಮೂರು ಬೇಸಿಗೆಯಲ್ಲಿ ನಾನು ಅತಿ ಹೆಚ್ಚು ಗಂಟೆ ಕಳೆದದ್ದು ಇದರ ಜೊತೆಗೇ. ನಡುವೆ ತೆಳ್ಳನೆಯ ಸೀಸದ ಎಳೆ, ಅದರ ಮೇಲೆ ಹೆಣೆದ ಹೊದಿಕೆ. ಹೊದಿಕೆಯ ಬಣ್ಣ 10 ಗಜಕ್ಕೊಮ್ಮೆ ಬದಲಾಗುತ್ತದೆ. ಹಾಗಾಗಿ ಇದನ್ನು ಬಳಸುವವರು ಅಡಿ, ಮೀಟರ್ ಅನ್ನುವುದಿಲ್ಲ. ‘ಐದು ಬಣ್ಣ ಬಿಟ್ಟಿದ್ದೇನೆ, ಏಳನೇ ಬಣ್ಣದಲ್ಲಿ ಕಚ್ಚಿತು’ ಅನ್ನುತ್ತಾರೆ. ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ ಒಂದು ಬಣ್ಣಕ್ಕೆ ಸುಮಾರು ಐದು ಅಡಿ ಇಳಿಯುತ್ತದೆ ಎಂದಿಟ್ಟುಕೊಳ್ಳಬಹುದು. ನಿಧಾನ ಮಾಡಿದರೆ ಇನ್ನೂ ಕೆಳಗೆ, ಜೋರು ಮಾಡಿದರೆ ಮೇಲೆ. ಐದು ಬಣ್ಣ ಬಿಟ್ಟರೆ ಇಪ್ಪತ್ತೈದು ಅಡಿ ಆಳ. ಕರಾರುವಾಕ್ಕಾದ ಲೆಕ್ಕ ಅಲ್ಲ, ಆದರೆ ಮೀನು ಕಚ್ಚಿದಾಗ ಯಾವ ಬಣ್ಣ ನೀರಿಗೆ ಹೋಗುತ್ತಿತ್ತು ಎಂದು ನೆನಪಿಟ್ಟುಕೊಂಡರೆ ಅದೇ ಆಳಕ್ಕೆ ಮತ್ತೆ ಹೋಗಬಹುದು.

ತುದಿಗೆ ಲೀಡರ್, ಅಂದರೆ ಸೀಸದ ದಾರಕ್ಕೂ ಗಾಳಕ್ಕೂ ನಡುವಿನ ತೆಳು ದಾರ, ಕಟ್ಟುವಾಗ ತಾಳ್ಮೆ ಬೇಕು. ಹೊದಿಕೆಯನ್ನು ಉಗುರಿನಿಂದ ಹಿಂದಕ್ಕೆ ಸರಿಸಿ, ಒಳಗಿನ ಸೀಸವನ್ನು ಗೇಣುದ್ದ ಹೊರಗೆಳೆದು ಮುರಿಯಬೇಕು. ಆಮೇಲೆ ಹೊದಿಕೆಯನ್ನು ಮುಂದಕ್ಕೆ ನೀವಿದರೆ ತುದಿ ಖಾಲಿ ಚೀಲದ ಹಾಗೆ ಮೆತ್ತಗಾಗುತ್ತದೆ. ಲೀಡರ್ ತುದಿಯನ್ನು ಅದರೊಳಗೆ ತೂರಿಸಿ ಗಂಟು ಹಾಕಿದರೆ ಗಂಟು ಸಣ್ಣದಾಗಿರುತ್ತದೆ, ಕೋಲಿನ ಉಂಗುರಗಳಲ್ಲಿ ತಡೆಯದೆ ಬರುತ್ತದೆ. ಮುರಿದ ಸೀಸದ ಚೂರನ್ನು ದಯವಿಟ್ಟು ನೀರಿಗೆ ಎಸೆಯಬೇಡಿ. ನೀರುಹಕ್ಕಿಗಳು ಸೀಸದ ಚೂರು ನುಂಗಿ ಸಾಯುತ್ತವೆ. ನಾನೊಂದು ಸಣ್ಣ ಡಬ್ಬಿ ಇಟ್ಟುಕೊಂಡಿದ್ದೇನೆ, ಎಲ್ಲಾ ಚೂರೂ ಅದಕ್ಕೆ. ಕೈ ತೊಳೆಯದೆ ತಿಂಡಿ ಮುಟ್ಟುವುದೂ ಇಲ್ಲ.

ಲೆಡ್‌ಕೋರ್‌ನ ನಿಜವಾದ ಶಕ್ತಿ ಗೊತ್ತಾಗುವುದು ತಿರುವಿನಲ್ಲಿ. ದೋಣಿ ಎಡಕ್ಕೆ ಬಳಸಿಕೊಂಡು ಹೋದಾಗ ಹಿಂದಿನ ದಾರ ಅದೇ ಜಾಡಿನಲ್ಲಿ ಬರುವುದಿಲ್ಲ, ಒಳಮೈಯಲ್ಲಿ ಅಡ್ಡ ಹಾಯುತ್ತದೆ. ಆಗ ಅದರ ವೇಗ ಇಳಿಯುತ್ತದೆ, ಸ್ಪೂನ್ ಕೆಳಗೆ ಜಾರುತ್ತದೆ. ದೋಣಿ ನೇರವಾದ ಕೂಡಲೇ ಸ್ಪೂನ್ ಮತ್ತೆ ಏರಿ ಓಡುತ್ತದೆ. ನನಗೆ ಸಿಕ್ಕ ಒಳ್ಳೆಯ ಮೀನುಗಳಲ್ಲಿ ಹಲವು ಕಚ್ಚಿದ್ದು ಆ ಏರುವ ಗಳಿಗೆಯಲ್ಲಿ. ಅದಕ್ಕೇ ಈಗ ನಾನು ಸರೋವರದಲ್ಲಿ ನೇರ ಗೆರೆ ಎಳೆದ ಹಾಗೆ ಹೋಗುವುದೇ ಇಲ್ಲ. ಹಾವು ಹರಿದ ಹಾಗೆ ಹೋಗುತ್ತೇನೆ.

ಕಚ್ಚಿದ ಮೇಲೆ? ಮೋಟಾರನ್ನು ಮೆಲ್ಲಗೆ ಓಡಲು ಬಿಟ್ಟು, ಕೋಲನ್ನು ಕೈಗೆತ್ತಿಕೊಂಡು ಒಂದೇ ಸಮನೆ ಸುತ್ತುತ್ತಾ ಬರುವುದು. ಇಳಿಸಬೇಕಾದ, ಏರಿಸಬೇಕಾದ ಬೇರೆ ಸಾಮಾನೇ ಇಲ್ಲ. ಒಬ್ಬಂಟಿಗೆ ಇದು ದೊಡ್ಡ ಅನುಕೂಲ. ಮೋಟಾರ್ ಪೂರ್ತಿ ನಿಲ್ಲಿಸಬಾರದು. ನಿಲ್ಲಿಸಿದರೆ ಸೀಸ ನೇರ ತಳಕ್ಕಿಳಿದು ಕಲ್ಲಿಗೋ ಮರದ ಬೊಡ್ಡೆಗೋ ಸಿಕ್ಕಿಕೊಳ್ಳುತ್ತದೆ. ಗಾಳಿ ದೋಣಿಯ ಮೂತಿಯನ್ನು ಪಕ್ಕಕ್ಕೆ ತಳ್ಳುತ್ತದೆ.

ಇದರ ದೊಡ್ಡ ಕೊರತೆ, ಮೀನಿನ ಆಟ ಕೈಗೆ ಸಿಗುವುದಿಲ್ಲ. ಅರ್ಧ ಕಿಲೋ ಟ್ರೌಟ್ ಏಳು ಬಣ್ಣದ ತುದಿಯಲ್ಲಿ ಕಚ್ಚಿದರೆ ಒದ್ದೆ ಬಟ್ಟೆ ಎಳೆದ ಹಾಗಿರುತ್ತದೆ. ಕೊನೆಯ ಬಣ್ಣ ರೀಲ್‌ಗೆ ಬಂದು ಬರೀ ಲೀಡರ್ ಉಳಿದಾಗ ಮಾತ್ರ ಮೀನು ಜೀವಂತವಾಗುತ್ತದೆ. ಆದರೆ ಕೊಕನೀ ಸಾಲ್ಮನ್‌ಗೆ ಇದೇ ಒಳ್ಳೆಯದು. ಅದರ ಬಾಯಿ ಕಾಗದದಷ್ಟು ಮೆತ್ತಗೆ, ಜೋರಾಗಿ ಎಳೆದರೆ ಹರಿದು ಹೋಗುತ್ತದೆ. ಬಾಗಿ ಬರುವ ಆ ಉದ್ದನೆಯ ಭಾರದ ದಾರ ಎಳೆತವನ್ನು ತಾನೇ ನುಂಗಿಕೊಳ್ಳುತ್ತದೆ. ಐವತ್ತು ಅಡಿಗಿಂತ ಕೆಳಗೆ ಹೋಗಬೇಕು ಅಂದರೆ ಹತ್ತು ಬಣ್ಣವೂ ಸಾಲದು. ಅಷ್ಟು ದಾರ ಹಿಡಿಸುವ ರೀಲ್ ಕೂಡ ತುಂಬಾ ದೊಡ್ಡದು.

ಅಲ್ಲಿಂದ ಕೆಳಗೆ ಡೌನ್‌ರಿಗ್ಗರ್‌ಗೆ ಸಾಟಿಯಿಲ್ಲ. ದೋಣಿಯ ಅಂಚಿಗೆ ಬಿಗಿದ ಕೈಚಕ್ರ, ಉಕ್ಕಿನ ತಂತಿ, ತುದಿಯಲ್ಲಿ ಗುಂಡು. ನನ್ನ ಗುಂಡು 8 ಪೌಂಡಿನದು. ಗಾಳದ ದಾರವನ್ನು ಗುಂಡಿನ ಹತ್ತಿರದ ಕ್ಲಿಪ್‌ಗೆ ಸಿಗಿಸಿ ಇಳಿಬಿಡುತ್ತೇವೆ. ಎಷ್ಟು ಅಡಿ ಹೋಯಿತೆಂದು ಮೀಟರ್ ತೋರಿಸುತ್ತದೆ. ಊಹೆ ಬೇಕಿಲ್ಲ. ಶಬ್ದದ ಅಲೆಯಿಂದ ನೀರಿನೊಳಗಿನದನ್ನು ತೋರಿಸುವ ಸೋನಾರ್ ಪರದೆಯಲ್ಲಿ ಗುಂಡು ಒಂದು ಗೆರೆಯಾಗಿ ಕಾಣುತ್ತದೆ. ಒಂದೊಂದು ಸಲ ಅದರ ಕೆಳಗಿನಿಂದ ಇನ್ನೊಂದು ಗೆರೆ ಓರೆಯಾಗಿ ಮೇಲೇರಿ ಬರುತ್ತದೆ, ಮೀನು ನೋಡಲು ಬಂದಿರುತ್ತದೆ. ಉಸಿರು ಬಿಗಿಹಿಡಿದು ಕೋಲು ನೋಡುತ್ತಾ ಕೂರುತ್ತೇನೆ. ಮೀನು ಕಚ್ಚಿದರೆ ದಾರ ಕ್ಲಿಪ್‌ನಿಂದ ಕಳಚಿಕೊಳ್ಳುತ್ತದೆ, ಬಿಲ್ಲಿನ ಹಾಗೆ ಬಾಗಿದ್ದ ಕೋಲು ಥಟ್ಟನೆ ನೆಟ್ಟಗಾಗುತ್ತದೆ. ಆಮೇಲೆ ಭಾರವಿಲ್ಲ. ತೆಳ್ಳನೆಯ ಕೋಲು, ನೀವು, ಮೀನು.

ಅರವತ್ತು ಅಡಿಯಿಂದ ಲೇಕ್ ಟ್ರೌಟ್ ಬರುವಾಗ ಮೊದಲು ಕಾಣುವುದು ಮೀನಲ್ಲ, ಗುಳ್ಳೆಗಳು. ಟ್ರೌಟ್, ಸಾಲ್ಮನ್ ಜಾತಿಯ ಮೀನಿನ ಗಾಳಿಚೀಲಕ್ಕೆ ಗಂಟಲ ಕಡೆ ಒಂದು ನಾಳ ಇರುತ್ತದೆ. ಮೇಲೇರುತ್ತಾ ಒತ್ತಡ ಇಳಿದಾಗ ಹಿಗ್ಗಿದ ಗಾಳಿಯನ್ನು ಅದು ಬಾಯಿಂದ ಬಿಟ್ಟುಬಿಡುತ್ತದೆ. ದೋಣಿಯ ಪಕ್ಕದಲ್ಲಿ ಮುತ್ತು ಚೆಲ್ಲಿದ ಹಾಗೆ ಗುಳ್ಳೆ ಏಳುತ್ತವೆ. ಸ್ವಲ್ಪ ಹೊತ್ತಿಗೆ ಹಸಿರು ನೀರಿನೊಳಗೆ ಬೂದು ಮೈ, ಅದರ ತುಂಬಾ ತಿಳಿ ಚುಕ್ಕೆ.

ಆದರೆ ಆ ಎರಡು ನಿಮಿಷ? ಕೋಲು ಒಂದು ಕೈಯಲ್ಲಿ. ಗುಂಡು ಇನ್ನೂ ಕೆಳಗೇ ಇದೆ. ಮೀನು ಅದರ ತಂತಿಗೆ ಸುತ್ತಿಕೊಂಡರೆ ದಾರ ಕತ್ತರಿಸಿ ಹೋಗುತ್ತದೆ. ಹಾಗಾಗಿ ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ ಗುಂಡು ಮೇಲೆತ್ತಬೇಕು. ಮೋಟಾರ್ ಹಿಡಿಯುವವರು ಯಾರು? ಗಾಳಿಯಿಲ್ಲದ ದಿನ ನಡೆಯುತ್ತದೆ. ಅಲೆ ಎದ್ದ ದಿನ ಸಾಧ್ಯವಾಗಲಿಲ್ಲ.

ಎರಡನೇ ಬೇಸಿಗೆಯಲ್ಲಿ ನಡೆದದ್ದನ್ನು ಹೇಳಲೇಬೇಕು. ಕೈಬಲೆ ಬಿಡಿಸುತ್ತಾ ಕೂತಿದ್ದೆ. ತಳ ಎಪ್ಪತ್ತು ಅಡಿಯಿಂದ ನಲವತ್ತೈದಕ್ಕೆ ಏರಿದ್ದು ಗಮನಕ್ಕೆ ಬರಲಿಲ್ಲ. ಗುಂಡು ಮುಳುಗಿದ ಮರಕ್ಕೆ ಸಿಕ್ಕಿಕೊಂಡಿತು. ತಂತಿ ಹಿಂದಕ್ಕೆ ಬಿಗಿಯಿತು, ದೋಣಿಯ ಹಿಂದಿನ ಮೂಲೆ ಕೆಳಗೆ ವಾಲಿತು, ಒಂದು ಅಲೆ ಅಂಚು ದಾಟಿ ಒಳಗೆ ಬಂತು. ಮೋಟಾರ್ ನ್ಯೂಟ್ರಲ್‌ಗೆ ಹಾಕಿ ಚಕ್ರದ ಕ್ಲಚ್ ಸಡಿಲಿಸಿದೆ. ತಂತಿ ಸರಸರನೆ ಬಿಚ್ಚಿಕೊಂಡು ಹೋಯಿತು, ದೋಣಿ ನೆಟ್ಟಗಾಯಿತು. ಮೊಣಕಾಲವರೆಗೆ ಒದ್ದೆಯಾಗಿದ್ದೆ, ಕೈ ನಡುಗುತ್ತಿತ್ತು. ಅವತ್ತಿನಿಂದ ಮೂರು ಕೆಲಸ ತಪ್ಪಿಸಿಲ್ಲ. ಕೈಯಿಂದ ಜೋರಾಗಿ ಎಳೆದರೆ ಜಾರುವಷ್ಟಕ್ಕೇ ಕ್ಲಚ್ ಬಿಗಿಯುತ್ತೇನೆ. ತಂತಿ ಕತ್ತರಿಸುವ ಇಕ್ಕಳ ಕೈಗೆಟಕುವ ಜಾಗದಲ್ಲಿರುತ್ತದೆ. ಲೈಫ್ ಜಾಕೆಟ್ ಸೀಟಿನ ಮೇಲಲ್ಲ, ಮೈಮೇಲೇ ಇರುತ್ತದೆ.

ಡೈವರ್ ತಟ್ಟೆ ಅಂಗೈ ಅಗಲದ ಪ್ಲಾಸ್ಟಿಕ್ ಬಿಲ್ಲೆ. ನೀರಿನ ಒತ್ತಡಕ್ಕೆ ಓರೆಯಾಗಿ ಕೆಳಗಿಳಿಯುತ್ತದೆ, ಮೀನು ಎಳೆದರೆ ತಟ್ಟೆಯ ಕೊಕ್ಕೆ ಬಿಚ್ಚಿ ತಟ್ಟೆ ಅಡ್ಡ ಮಲಗುತ್ತದೆ. ಹೇಳುವುದಕ್ಕೆ ಚೆನ್ನಾಗಿದೆ. ಸಣ್ಣ ಟ್ರೌಟ್‌ಗೆ ಕೊಕ್ಕೆ ಬಿಚ್ಚುವಷ್ಟು ಬಲವಿಲ್ಲ. ಒಂದು ಸಲ ಹಾಗೆ ಕಚ್ಚಿದ್ದ ಗೇಣುದ್ದದ ಮೀನನ್ನು ಎಷ್ಟು ಹೊತ್ತು ಎಳೆದುಕೊಂಡು ಹೋಗಿದ್ದೆನೋ ಗೊತ್ತಿಲ್ಲ. ಮೇಲೆ ತಂದಾಗ ಅದರಲ್ಲಿ ಜೀವವಿರಲಿಲ್ಲ. ಮನಸ್ಸಿಗೆ ತುಂಬಾ ಬೇಜಾರಾಯಿತು. ತಟ್ಟೆ ಕೋಲಿನ ತುದಿಗೆ ಬಂದು ನಿಂತ ಮೇಲೆ ಮೀನು ಇನ್ನೂ ಆರೇಳು ಅಡಿ ದೂರದಲ್ಲಿರುತ್ತದೆ. ಒಬ್ಬನೇ ಕೋಲು ಎತ್ತಿ ಹಿಡಿದು ಬಲೆ ಚಾಚುವುದು ಕಷ್ಟ. ದೊಡ್ಡ ದೋಣಿ, ಗಟ್ಟಿ ಕೋಲು, ಮೂರು ಜನ ಇದ್ದರೆ ದಾರಗಳನ್ನು ಅಕ್ಕಪಕ್ಕಕ್ಕೆ ಹರಡಲು ಇದು ಸರಿ. ನನ್ನ ದೋಣಿಯಿಂದ ತೆಗೆದಿಟ್ಟೆ.

ನಾಲ್ಕರಲ್ಲಿ ಯಾವುದನ್ನೇ ಆರಿಸಿ, ಥರ್ಮೋಮೀಟರ್ ಇಲ್ಲದೆ ಸುಮ್ನೆ ಅಲೆದಾಟ. ನನ್ನದು ಸಣ್ಣ ಬಾಟಲಿಯೊಳಗೆ ಕಟ್ಟಿದ ಥರ್ಮೋಮೀಟರ್. ಬಾಟಲಿಗೆ ಕಲ್ಲು ಕಟ್ಟಿ ದಾರದಲ್ಲಿ ಇಳಿಸಿ ಎರಡು ನಿಮಿಷ ಕಾಯುತ್ತೇನೆ. ಬಾಟಲಿಯಲ್ಲಿ ನೀರು ನಿಲ್ಲುವುದರಿಂದ ಮೇಲೆ ಬರುವಷ್ಟರಲ್ಲಿ ಅಳತೆ ಅಷ್ಟು ಬೇಗ ಬದಲಾಗುವುದಿಲ್ಲ. ಹೋದ ಬೇಸಿಗೆಯ ಒಂದು ಬೆಳಿಗ್ಗೆ ಇಪ್ಪತ್ತು ಅಡಿವರೆಗೂ 21 ಡಿಗ್ರಿ, ಮೂವತ್ತರಲ್ಲಿ 17, ನಲವತ್ತರಲ್ಲಿ 11. ಮೇಲಿನ ಬೆಚ್ಚನೆಯ ನೀರಿಗೂ ಕೆಳಗಿನ ತಣ್ಣೀರಿಗೂ ನಡುವೆ ಹೀಗೆ ಥಟ್ಟನೆ ಇಳಿಯುವ ಪದರಕ್ಕೆ ಥರ್ಮೋಕ್ಲೈನ್ ಎನ್ನುತ್ತಾರೆ. ಅವತ್ತು ಏಳು ಬಣ್ಣ ಬಿಟ್ಟೆ. ಎರಡನೇ ತಿರುವಿನಲ್ಲೇ ರೇನ್‌ಬೋ ಕಚ್ಚಿತು.

ಮೇಲ್ನೀರು 20 ಡಿಗ್ರಿ ದಾಟಿದ ದಿನ ಹಿಡಿದು ಬಿಡುವ ಆಟ ಆಡಬೇಡಿ. ತಂಪಿನಿಂದ ಎಳೆದು ತಂದ ಮೀನು ಆ ಬೆಚ್ಚನೆಯ ನೀರಿನಲ್ಲಿ ಚೇತರಿಸಿಕೊಳ್ಳುವುದು ಕಷ್ಟ. ಆ ಸರೋವರದ ನಿಯಮ ಒಪ್ಪಿದಷ್ಟರಲ್ಲಿ, ತಿನ್ನುವಷ್ಟು ಸಿಕ್ಕ ಮೇಲೆ ಕೋಲು ಒಳಗಿಡುತ್ತೇನೆ.

ಈಗ ನನ್ನ ದೋಣಿಯಲ್ಲಿ ಲೆಡ್‌ಕೋರ್ ಕೋಲು ಯಾವಾಗಲೂ ಇರುತ್ತದೆ. ಹೊಸದಾಗಿ ಶುರು ಮಾಡುವ ಒಬ್ಬಂಟಿಗೂ ಮೊದಲು ಅದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಮೀನು ಐವತ್ತು ಅಡಿಗಿಂತ ಕೆಳಗಿದ್ದು, ಗಾಳಿ ಇಲ್ಲದೆ, ಜೊತೆಗೆ ಇನ್ನೊಬ್ಬರು ಬಂದ ದಿನ ಡೌನ್‌ರಿಗ್ಗರ್ ಬಿಗಿಯುತ್ತೇನೆ. ಚಳಿ ಶುರುವಾಗಿ ಸರೋವರದ ನೀರು ಮಗುಚಿ, ಬಾಟಲಿ ಎಲ್ಲಿ ಇಳಿಸಿದರೂ ಒಂದೇ ಅಂಕಿ ತೋರಿಸಿದ ವಾರ ಅದನ್ನು ಬಿಚ್ಚಿ, ತಂತಿ ಒರೆಸಿ ಒಣಗಿಸಿಡುತ್ತೇನೆ. ಆಮೇಲೆ ಮತ್ತೆ ಬರೀ ದಾರ, ಎರಡು ಹುಟ್ಟು, ಒಂದು ಗ್ರೇ ಘೋಸ್ಟ್.