ಎರಡು ಓಣಿ, ಎರಡು ಬಗೆಯ ಗಾಳಿಮಾತು

ನೆರೆಹೊರೆಯ ಹಗರಣ ಮತ್ತು ಗೆಳೆತನವನ್ನೇ ಕಥಾವಸ್ತುವಾಗಿಸಿಕೊಂಡ ಎರಡು ಅಮೆರಿಕನ್ ಧಾರಾವಾಹಿಗಳನ್ನು ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಒಂದರ ಬೆನ್ನಿಗೆ ಒಂದು ನೋಡಿ ಮುಗಿಸಿದೆವು. ‘ಡೆಸ್ಪರೇಟ್ ಹೌಸ್‌ವೈವ್ಸ್’ ಎಬಿಸಿ ವಾಹಿನಿಯಲ್ಲಿ 2004ರಿಂದ 2012ರವರೆಗೆ 180 ಕಂತುಗಳಲ್ಲಿ ಪ್ರಸಾರವಾಯಿತು. ‘ಬಿಗ್ ಲಿಟಲ್ ಲೈಸ್’ ಎಚ್‌ಬಿಒದಲ್ಲಿ 2017 ಮತ್ತು 2019ರಲ್ಲಿ ಏಳೇಳು ಕಂತುಗಳಾಗಿ ಬಂದಿತು. ಓಣಿಯ ಮಾತು ಹೇಗೆ ಹುಟ್ಟಿ ಹೇಗೆ ಹಬ್ಬುತ್ತದೆ ಎಂಬುದನ್ನು ಇವುಗಳಲ್ಲಿ ಯಾವುದು ಚೆನ್ನಾಗಿ ಬಲ್ಲುದು ಎಂಬುದಷ್ಟೇ ನನ್ನ ಕುತೂಹಲವಾಗಿತ್ತು.

‘ಡೆಸ್ಪರೇಟ್ ಹೌಸ್‌ವೈವ್ಸ್’ ನಡೆಯುವ ವಿಸ್ಟೀರಿಯಾ ಲೇನ್ ಎಂಬ ಓಣಿಯ ಕಥೆಯು ಮೇರಿ ಆಲಿಸ್ ಎಂಬ ಗೃಹಿಣಿಯ ಆತ್ಮಹತ್ಯೆಯಿಂದ ಆರಂಭವಾಗುತ್ತದೆ. ಸತ್ತ ಮೇಲೂ ಆಕೆಯೇ ನಿರೂಪಕಿ. ಆಕೆ ಗುಟ್ಟನ್ನು ತಡೆದಿಟ್ಟುಕೊಳ್ಳುತ್ತಾಳೆಯೇ ಹೊರತು ಸುಳ್ಳು ಹೇಳುವುದಿಲ್ಲವಾದ್ದರಿಂದ, ನಮ್ಮ ಕಿವಿಗೆ ಬೀಳುವುದು ಗಾಳಿಮಾತಲ್ಲ, ಸೋಸಿದ ಸತ್ಯ.

‘ಬಿಗ್ ಲಿಟಲ್ ಲೈಸ್’ ನಡೆಯುವ ಮಾಂಟೆರಿ ಎಂಬ ಊರಿನ ಕಥೆಯಲ್ಲಿ ಹೀಗಿಲ್ಲ. ಶಾಲೆಯ ಸಮಾರಂಭವೊಂದರಲ್ಲಿ ಸಾವು ಸಂಭವಿಸಿದೆ. ಸತ್ತವರಾರೆಂದು ನಮಗೆ ತಿಳಿಸದೆಯೇ ಇತರ ಮಕ್ಕಳ ತಂದೆತಾಯಿಯರು ಪೊಲೀಸರೆದುರು ಒಬ್ಬೊಬ್ಬರಾಗಿ ಹೇಳಿಕೆ ಕೊಡುತ್ತ, ತಮಗೆ ಗೊತ್ತಿಲ್ಲದ್ದನ್ನೂ ಕಣ್ಣಾರೆ ಕಂಡಂತೆ ವರ್ಣಿಸುತ್ತಾರೆ. ಕಥೆಯ ನಾಯಕಿಯರಲ್ಲೊಬ್ಬಳಾದ ಸೆಲೆಸ್ಟಳ ದಾಂಪತ್ಯವನ್ನು ಕಂಡು ಕರುಬುವ ಆ ಮಂದಿಗೆ ಗಂಡನ ಹೊಡೆತದಿಂದ ಅವಳ ಮೈಮೇಲೆದ್ದ ಬಾಸುಂಡೆಗಳು ಮಾತ್ರ ಕಾಣುವುದಿಲ್ಲ. ಆಲಮಟ್ಟಿ ಹಿನ್ನೀರಿನ ಮುಳುಗಡೆಯಿಂದ ಹಳೆಯ ಓಣಿಗಳು ಚದುರಿ, ನವನಗರದ ಹೊಸ ಸೆಕ್ಟರಿನಲ್ಲಿ ಪಕ್ಕದ ಮನೆಯವರ ಹಿಂದುಮುಂದು ಗೊತ್ತಿಲ್ಲದೆ ಎಲ್ಲರೂ ಎಲ್ಲರ ಬಗ್ಗೆ ಊಹಿಸುತ್ತಿದ್ದ ಕಾಲವನ್ನು ಕಂಡ ನಮ್ಮ ಅತ್ತೆಯವರು, ನಾನು ಅರ್ಥ ಹೇಳುತ್ತಿದ್ದಂತೆ, “ಇವರು ನಮ್ಮ ಸೆಕ್ಟರಿನ್ಯಾಗ ಇದ್ದವರ ಗತೆನ ಮಾತಾಡ್ತಾರಲ್ಲ!” ಎಂದರು. (ಹಿರಿಯರೊಂದಿಗೆ ಕುಳಿತು ನೋಡುವವರು ರಿಮೋಟನ್ನು ಕೈಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು, ಹಸಿಹಸಿ ದೃಶ್ಯಗಳು ಮುನ್ಸೂಚನೆಯಿಲ್ಲದೆ ಬರುತ್ತವೆ.) ಎರಡನೆಯ ಸೀಸನ್ನಿನ ಕಥೆ ಸಡಿಲವಾಗಿದ್ದರೂ, ಮೆರಿಲ್ ಸ್ಟ್ರೀಪ್ ಅವರ ಅತ್ತೆಯ ಪಾತ್ರ ಅದನ್ನು ಎತ್ತಿ ಹಿಡಿಯುತ್ತದೆ.

ಗೆಳೆತನದ ಮಟ್ಟಿಗೆ ನನ್ನ ಒಲವು ವಿಸ್ಟೀರಿಯಾ ಲೇನಿನ ಕಡೆಗೇ ಇದೆ. ಮಾಂಟೆರಿಯ ಐವರು ನಾಯಕಿಯರನ್ನು ಒಂದು ಸುಳ್ಳು ಕಟ್ಟಿಹಾಕಿದೆ. ಅದು ಕಳಚಿದರೆ ಅವರೆಲ್ಲ ಒಟ್ಟಿಗಿರುವರೆಂಬ ನಂಬಿಕೆ ನನಗಿಲ್ಲ. ಸೂಸನ್, ಲಿನೆಟ್, ಬ್ರೀ, ಗೇಬ್ರಿಯೆಲ್ ಎಂಬ ನಾಲ್ವರಾದರೋ ಜಗಳವಾಡಿ, ಮಾತು ಬಿಟ್ಟು, ಮತ್ತೆ ಇಸ್ಪೀಟಿನ ಮೇಜಿಗೆ ಮರಳುತ್ತಾರೆ. ಕೊನೆಯ ಸೀಸನ್ನಿನಲ್ಲಿ ಹೆಣವೊಂದನ್ನು ಬಚ್ಚಿಟ್ಟ ಗುಟ್ಟು ಅವರನ್ನು ಒಡೆಯುವುದು ನಮ್ಮನ್ನು ತಟ್ಟುವುದಕ್ಕೂ ಅಷ್ಟು ದೀರ್ಘವಾದ ಒಡನಾಟವೇ ಕಾರಣ. 180 ಕಂತುಗಳಿಗೆ ಪುರುಸೊತ್ತಿಲ್ಲದವರು ಮೊದಲ ಸೀಸನ್ನಿನ 23 ಕಂತುಗಳಿಗೇ ನಿಲ್ಲಿಸಬಹುದು. ಮೇರಿ ಆಲಿಸಳ ಗುಟ್ಟು ಅಲ್ಲಿಗೆ ಬಯಲಾಗುತ್ತದೆ.