ಬಾಲೋಸ್ ಬೀಚಿಗೆ ಬಾಡಿಗೆ ಕಾರಿನಲ್ಲಿ ಹೊರಟಿದ್ದೀರಾ? ಸ್ವಲ್ಪ ತಾಳಿ

ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೋಗುವವರಿಗೆ ಒಂದು ಮಾತು. ಬಾಲೋಸ್‌ಗೆ ದೋಣಿಯಲ್ಲಿ ಹೋಗಿ, ಬಾಡಿಗೆ ಕಾರು ಬೇಡ. ನಾವು ಕಾರಿನಲ್ಲಿ ಹೋಗಿ 830 ಯೂರೋ ದಂಡ ತೆತ್ತು ಬಂದಿದ್ದೇವೆ. ನಮ್ಮ ಲೆಕ್ಕದಲ್ಲಿ ಮುಕ್ಕಾಲು ಲಕ್ಷ.

ಮೇ ಕೊನೆಯ ವಾರ. ನಾನು, ಹೆಂಡತಿ, ಅವಳ ಅಕ್ಕ, ನನ್ನ ಷಡ್ಡಕರು. ಓಡಾಟ ಕಡಿಮೆ, ಹರಟೆ ಜಾಸ್ತಿ ಅಂತ ಬೆಂಗಳೂರಲ್ಲೇ ಮಾತಾಗಿತ್ತು. ಮೂರು ದಿನ ಹಾಗೇ ಕಳೆಯಿತು. ಹನ್ಯಾ ಊರಿನ ಹಳೇ ವೆನಿಸ್ ಬಂದರಿನ ಕಟ್ಟೆ ಮೇಲೆ ಕೂರುವುದು, ಹಸಿವಾದರೆ ದಾಕೋಸ್ ತಿನ್ನುವುದು. ಬಾರ್ಲಿಯ ಗಟ್ಟಿ ರಸ್ಕಿನ ಮೇಲೆ ಟೊಮೆಟೊ, ಚೀಸು, ಧಾರಾಳ ಆಲಿವ್ ಎಣ್ಣೆ. ನಮ್ಮಂಥ ಸಸ್ಯಾಹಾರಿಗಳು ಅಲ್ಲಿ ಉಪವಾಸ ಬೀಳುವುದಿಲ್ಲ. ಸಮುದ್ರದ ನೀರು ಮಾತ್ರ ಇನ್ನೂ ಮೈ ಜುಮ್ಮೆನ್ನುವಷ್ಟು ತಣ್ಣಗಿತ್ತು.

ನಾಲ್ಕನೇ ದಿನ ಕಾರು ತೆಗೆದುಕೊಂಡೆವು. ಆರ್‌ಟಿಒದಲ್ಲಿ 1000 ರೂಪಾಯಿ ಕಟ್ಟಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡಿದ್ದೆ, ಕೌಂಟರಿನಲ್ಲಿ ಅದನ್ನೂ ಕೇಳಿದರು. ಬುಕಿಂಗ್ ಸೈಟಿನಲ್ಲಿ ದಿನಕ್ಕೆ ಇಷ್ಟು ಅಂತ ಜಾಸ್ತಿ ಕೊಟ್ಟು 'ಫುಲ್ ಕವರ್' ವಿಮೆ ತೆಗೆದುಕೊಂಡಿದ್ದೆ. ಆದರೂ ಕ್ರೆಡಿಟ್ ಕಾರ್ಡಿನಲ್ಲಿ 1200 ಯೂರೋ ಡೆಪಾಸಿಟ್ ತಡೆಹಿಡಿದರು. ಆಗಲೇ ಬುದ್ಧಿ ಬರಬೇಕಿತ್ತು. ಕೌಂಟರಿನ ಹುಡುಗಿ ಒಪ್ಪಂದದ ಹಾಳೆಯಲ್ಲಿ ಒಂದು ಸಾಲಿಗೆ ಪೆನ್ನಿನಿಂದ ಸುತ್ತು ಹಾಕಿ, ಪಕ್ಕದಲ್ಲಿ ನನ್ನ ಸಹಿ ತೆಗೆದುಕೊಂಡಳು. ಟೈರು, ಗಾಜು, ಕಾರಿನ ಅಡಿಭಾಗ, ಮಣ್ಣಿನ ರಸ್ತೆ, ಇವು ಕಾರಿನ ಕಂಪನಿಯ ವಿಮೆಗೆ ಸೇರಲ್ಲ ಅಂತ. ಓದಿದೆ. ತಲೆಗೆ ಹೋಗಲಿಲ್ಲ.

ಕಿಸ್ಸಾಮೋಸ್ ಊರು ದಾಟಿ ಕಾಲಿವಿಯಾನಿ ಹಳ್ಳಿವರೆಗೆ ರಸ್ತೆ ಬೆಣ್ಣೆ. ಎಡಗಡೆ ಸ್ಟಿಯರಿಂಗು, ಬಲಗೈಲಿ ಗೇರು ಅಭ್ಯಾಸವಾಗಿತ್ತು. ಅಲ್ಲಿಂದ ಮುಂದೆ ಸುಮಾರು ಎಂಟು ಕಿಲೋಮೀಟರು ಡಾಂಬರಿಲ್ಲ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕೆಳಗೆ ಸಮುದ್ರ, ನಡುವೆ ಚೂಪು ಕಲ್ಲು. "ಏನಾಗಲ್ಲ ನಡಿಯಯ್ಯ, ಫುಲ್ ಇನ್ಶೂರೆನ್ಸ್ ಇದೆಯಲ್ಲ" ಅಂದರು ಷಡ್ಡಕರು. ನನಗೂ ಅಷ್ಟೇ ಧೈರ್ಯ ಬೇಕಿತ್ತು.

ಅರ್ಧ ದಾರಿಯಲ್ಲಿ ಎದುರಿಗೆ ಬಂದ ಗಾಡಿಗೆ ಜಾಗ ಕೊಡಲು ಅಂಚಿಗೆ ಸರಿದೆ. ಕೆಳಗೆ 'ಕರ್‌ರ್' ಅಂತ ಕೆರೆದ ಸದ್ದು, ಹಿಂದೆಯೇ ಬುಸ್ಸೆಂದಿತು. ಇಳಿದು ನೋಡಿದರೆ ಟೈರು ಪಕ್ಕದಲ್ಲಿ ಬೆರಳು ತೂರುವಷ್ಟು ಸೀಳಿದೆ. ಡಿಕ್ಕಿ ತೆಗೆದು ಮ್ಯಾಟ್ ಎತ್ತಿದರೆ ಸ್ಟೆಪ್ನಿಯೇ ಇಲ್ಲ! ಅದರ ಜಾಗದಲ್ಲಿ ನೊರೆ ತುಂಬಿದ ಒಂದು ಬಾಟಲಿ, ಅಂಗೈಯಗಲದ ಗಾಳಿ ಪಂಪು. ಮೊಳೆ ಚುಚ್ಚಿದ ತೂತಿಗೆ ಅದು ಸಾಕು, ಸೀಳಿಗೆ ಏನೂ ಮಾಡದು. ಬಾಟಲಿ ಪೂರ್ತಿ ಸುರಿದೆವು. ನೊರೆ ಸೀಳಿನಿಂದ ಹೊರಬಂದು ನನ್ನ ಚಪ್ಪಲಿ ಮೇಲೆ ಬಿತ್ತು. ಫೋನಿಗೆ ಸಿಗ್ನಲ್ ಇಲ್ಲ. ನೆರಳಿಗೆ ಒಂದು ಮರವಿಲ್ಲ. ಮೇಕೆಗಳು ಬಂದು ಸುತ್ತ ನಿಂತವು. ಊರಿಂದ ತಂದ ಕೋಡುಬಳೆಯಲ್ಲಿ ಅವಕ್ಕೂ ಪಾಲು ಹೋಯಿತು.

ಎರಡು ಗಂಟೆ ಕಳೆದ ಮೇಲೆ ಪಿಕಪ್‌ನಲ್ಲಿ ಬಂದ ಮುದುಕರೊಬ್ಬರು ಟೈರು ನೋಡಿ ತಲೆಯಾಡಿಸಿ, ನಮ್ಮನ್ನು ಕಾಲಿವಿಯಾನಿಗೆ ಇಳಿಸಿದರು. ದುಡ್ಡು ಕೊಡಲು ಹೋದರೆ ಗದರಿಬಿಟ್ಟರು.

ಬಿಲ್ಲು ಹೀಗಿತ್ತು: ಕಾರು ಎಳೆದು ತಂದದ್ದಕ್ಕೆ 210, ಟೈರಿಗೆ 140, ಅಡಿಯಲ್ಲಿ ಚೇಂಬರ್, ಅಂದರೆ ಎಂಜಿನ್ ಆಯಿಲ್ ಇರುವ ತಟ್ಟೆ, ಕೆರೆದದ್ದಕ್ಕೆ 480. ಸೈಟಿನ 'ಫುಲ್ ಕವರ್' ಕಾರಿನ ಕಂಪನಿಗೆ ಸಂಬಂಧವೇ ಇಲ್ಲದ ಬೇರೆ ಪಾಲಿಸಿ. ಮೊದಲು ನೀವು ಕಟ್ಟಬೇಕು, ಆಮೇಲೆ ಅವರ ಹತ್ತಿರ ಕ್ಲೇಮ್ ಕೇಳಬೇಕು. ಕೇಳಿದೆ. ಟೈರು, ಅಡಿಭಾಗ ಎರಡೂ ಅದರಲ್ಲಿ ಸೇರಿದ್ದವಂತೆ, ಆದರೆ ಡಾಂಬರಿಲ್ಲದ ರಸ್ತೆಯಲ್ಲಿ ಆದದ್ದಕ್ಕೆ ಕೊಡುವುದಿಲ್ಲ ಅಂತ ಎರಡೇ ಸಾಲಿನ ಉತ್ತರ ಬಂತು. ಮೋಸ ಅನ್ನಲು ಬಾಯಿ ಬರುವುದಿಲ್ಲ, ಸಹಿ ನನ್ನದೇ. ಆದರೆ ದ್ವೀಪಕ್ಕೆ ಬಂದವರಲ್ಲಿ ಎಷ್ಟೋ ಜನ ಹೋಗುವುದೇ ಆ ರಸ್ತೆಗೆ ಅಂತ ಗೊತ್ತಿದ್ದೂ 'ಫುಲ್' ಅಂತ ಹೆಸರಿಟ್ಟು ಮಾರುತ್ತಾರಲ್ಲ, ಅದು ಹೊಟ್ಟೆ ಉರಿಸುತ್ತದೆ.

ಕಾರು ತೆಗೆದುಕೊಳ್ಳುವವರು ನಾಲ್ಕೂ ಟೈರು, ಬಂಪರಿನ ಕೆಳಗಿನ ಅಂಚು ಕೌಂಟರ್ ಬಿಡುವ ಮುಂಚೆ ವಿಡಿಯೊ ಮಾಡಿಕೊಳ್ಳಿ. ಡಿಕ್ಕಿ ತೆಗೆಸಿ ಸ್ಟೆಪ್ನಿ ಇದೆಯಾ ನೋಡಿ. 480ರಲ್ಲಿ ಎಷ್ಟು ಗೀರು ನಮ್ಮದು, ಎಷ್ಟು ಹಿಂದಿನವರದು ಅಂತ ವಾದಿಸಲು ನನ್ನ ಹತ್ತಿರ ಒಂದು ಫೋಟೊ ಕೂಡ ಇರಲಿಲ್ಲ. ಯಂತ್ರದಲ್ಲಿ ಕಾರ್ಡು ಉಜ್ಜುವಾಗ ರೂಪಾಯಿಯೋ ಯೂರೋನೋ ಅಂತ ಕೇಳಿದರೆ ಯೂರೋ ಒತ್ತಿ. ನಾನು ಅಲ್ಲೂ ರೂಪಾಯಿ ಒತ್ತಿ ಇನ್ನಷ್ಟು ಕಳೆದುಕೊಂಡೆ.

ಎರಡು ದಿನ ಬಿಟ್ಟು ಕಿಸ್ಸಾಮೋಸ್ ಬಂದರಿನಿಂದ ದೋಣಿ ಹತ್ತಿದೆವು. ತಲೆಗೆ 30 ಚಿಲ್ಲರೆ ಯೂರೋ, ಗ್ರಾಂವೂಸಾ ದ್ವೀಪದ ಕೋಟೆಯನ್ನೂ ತೋರಿಸುತ್ತಾರೆ. ದಾರಿಯುದ್ದಕ್ಕೂ ಎಡಗಡೆ ಬೆಟ್ಟದ ಪಕ್ಕೆಯಲ್ಲಿ ಅದೇ ಮಣ್ಣಿನ ರಸ್ತೆ, ಧೂಳೆಬ್ಬಿಸುತ್ತ ಸಾಲಾಗಿ ಸಣ್ಣ ಬಿಳಿ ಕಾರುಗಳು. ಷಡ್ಡಕರು ಹದಿನಾಲ್ಕರವರೆಗೆ ಎಣಿಸಿ ಸುಮ್ಮನಾದರು.