ಯೂನಿವರ್ಸಲ್ ಇಂಡಿಕೇಟರ್: ದ್ರಾವಣಕ್ಕೆ ಫುಲ್ ಮಾರ್ಕ್ಸ್, ಬಣ್ಣದ ಪಟ್ಟಿಗೆ ಸೊನ್ನೆ

ಆಮ್ಲವೋ ಕ್ಷಾರವೋ ಅಂತ ಬಣ್ಣದಲ್ಲೇ ಹೇಳುವ ಈ ದ್ರಾವಣವನ್ನು ಪಿಯು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ವರ್ಷಗಳಿಂದ ಬಳಸುತ್ತಿದ್ದೇನೆ. ಕಂಪನಿ ಯಾವುದು ಅಂತ ಕೇಳಬೇಡಿ, ಕೊಟೇಶನ್‌ನಲ್ಲಿ ಕಡಿಮೆಗೆ ಸಿಕ್ಕಿದ್ದೇ ನಮ್ಮ ಬ್ರ್ಯಾಂಡ್. ನನ್ನ ತಕರಾರೆಲ್ಲ ಬಾಟಲಿಗೆ ಅಂಟಿಸಿ ಕಳಿಸುವ ಬಣ್ಣದ ಪಟ್ಟಿಯ ಬಗ್ಗೆ.

ಕೆಂಪು ಬಂದರೆ ಪ್ರಬಲ ಆಮ್ಲ, ನೇರಳೆ ಬಂದರೆ ಪ್ರಬಲ ಕ್ಷಾರ. ಅಲ್ಲಿ ಗೊಂದಲವಿಲ್ಲ. ಪೇಚಾಟ ಶುರುವಾಗುವುದು ನಡುವಿನ ಹಸಿರಿನಲ್ಲಿ. ಪಿಎಚ್ ಅಂದರೆ ಆಮ್ಲ-ಕ್ಷಾರದ ಅಳತೆ: 7 ತಟಸ್ಥ, ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ಪಿಎಚ್ 6, 7, 8 ಮೂರೂ ಪಟ್ಟಿಯಲ್ಲಿ ಹಸಿರೇ! ಒಂದು ಹಳದಿ ಕಡೆ ವಾಲಿರುತ್ತದೆ, ಇನ್ನೊಂದು ನೀಲಿ ಕಡೆ, ಅಷ್ಟೇ. ಟ್ಯೂಬ್‌ಲೈಟ್ ಕೆಳಗೆ ಇಬ್ಬರು ಒಂದೇ ಟೆಸ್ಟ್ ಟ್ಯೂಬ್ ನೋಡಿ ಬೇರೆ ಬೇರೆ ನಂಬರ್ ಹೇಳುತ್ತಾರೆ, ಇಬ್ಬರ ಮಾತೂ ಸರಿ ಅನ್ನಿಸುತ್ತದೆ. ಜೊತೆಗೆ ದ್ರಾವಣದಲ್ಲಿ ಸ್ಪಿರಿಟ್ ಬೇರೆ. ಎರಡು ತೊಟ್ಟು ಲೇಬಲ್ ಮೇಲೆ ಇಳಿದರೆ ಪ್ರಿಂಟ್ ಕದಡಿ ಹೋಗುತ್ತದೆ. ಕೆಂಪು-ಹಸಿರು ವ್ಯತ್ಯಾಸ ಕಾಣದ ಹುಡುಗರ ಪಾಡು ಕೇಳಲೇಬೇಡಿ.

ಹೊಸಬರ ಮಾಮೂಲಿ ದೂರು ಇನ್ನೊಂದಿದೆ. ‘ಡಿಸ್ಟಿಲ್ಡ್ ವಾಟರ್‌ಗೆ ಹಾಕಿದರೂ ಹಳದಿ ಬರುತ್ತೆ, ಮಾಲು ಡೂಪ್ಲಿಕೇಟ್ ಸಾರ್.’ ಅಲ್ಲಪ್ಪಾ. ತೆರೆದಿಟ್ಟ ಡಿಸ್ಟಿಲ್ಡ್ ವಾಟರ್ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಪಿಎಚ್ 5.6ರ ಆಸುಪಾಸಿಗೆ ಇಳಿಯುತ್ತದೆ. ದ್ರಾವಣ ಇದ್ದದ್ದನ್ನೇ ಹೇಳುತ್ತಿದೆ. ನಮ್ಮ ಬೋರ್‌ವೆಲ್ ನೀರಿಗೆ ಹಾಕಿ ನೋಡಿ, ಬೈಕಾರ್ಬೊನೇಟ್ ಜಾಸ್ತಿ ಇರುವುದರಿಂದ ನೀಲಿ ಮಿಶ್ರಿತ ಹಸಿರು ಬರುತ್ತದೆ.

ಈಗ ನಾನು ಪಟ್ಟಿಯನ್ನು ನೋಡುವುದೇ ಇಲ್ಲ. ಬೆಳಿಗ್ಗೆ ಬ್ಯಾಚ್ ಬರುವ ಮೊದಲು ಪಿಎಚ್ 4, 7, 9.2ರ ಬಫರ್ ಮಾತ್ರೆ (ನೀರಿಗೆ ಗೊತ್ತಾದ ಪಿಎಚ್ ಕೊಡುವ ಮಾತ್ರೆ) ಕರಗಿಸಿದ ನೀರನ್ನು ಒಂದೇ ಅಳತೆಯ ಮೂರು ಟೆಸ್ಟ್ ಟ್ಯೂಬ್‌ಗಳಿಗೆ ಹಾಕಿ, ಪ್ರತಿಯೊಂದಕ್ಕೂ ಅಷ್ಟಷ್ಟೇ ತೊಟ್ಟು ಬಿಡುತ್ತೇನೆ. ಕಿಟಕಿ ಪಕ್ಕದ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಹಿಂದೆ ಒಂದು ಬಿಳಿ ಹಾಳೆ ಸಿಕ್ಕಿಸುತ್ತೇನೆ. ಕಿತ್ತಳೆ, ಹಸಿರು, ನೀಲಿ. ಹುಡುಗರು ತಮ್ಮ ಟ್ಯೂಬನ್ನು ಇವುಗಳ ಪಕ್ಕ ಹಿಡಿದು ನೋಡಿದರೆ ಜಗಳ ಅರ್ಧ ಮುಗಿಯಿತು. ಮಾತ್ರೆಗೆ ಖರ್ಚು ಅಂಥದ್ದೇನಿಲ್ಲ.

ಸಿಟ್ಟು ಇಳಿಸಿದ್ದು ಮಾತ್ರ ಬೇರೆಯೇ ಒಂದು ಆಟ. ಉದ್ದ ಟೆಸ್ಟ್ ಟ್ಯೂಬ್ ತಳಕ್ಕೆ ವಾಷಿಂಗ್ ಸೋಡಾ ಹರಳು ಹಾಕಿ. ಇಂಡಿಕೇಟರ್ ಬೆರೆಸಿದ ನೀರು ತುಂಬಿ. ಮೇಲಿನಿಂದ ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲವನ್ನು ಗೋಡೆಗುಂಟ ನಿಧಾನ ಇಳಿಸಿ, ಅಲುಗಾಡಿಸದೆ ಬಿಡಿ. ತಳದಲ್ಲಿ ನೇರಳೆ, ತುದಿಯಲ್ಲಿ ಕೆಂಪು, ನಡುವೆ ನೀಲಿ, ಹಸಿರು, ಹಳದಿ ಪಟ್ಟೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಲ್ಯಾಬ್ ಅಂದರೆ ಮೂಗು ಮುರಿಯುವ ಆರ್ಟ್ಸ್ ಸೆಕ್ಷನ್ ಹುಡುಗಿಯರೂ ಬಾಗಿಲಲ್ಲಿ ಇಣುಕಿ ನೋಡಿ ಹೋಗುತ್ತಾರೆ. ಪಟ್ಟಿ ಬರೆದ ಪುಣ್ಯಾತ್ಮನನ್ನು ಅವತ್ತಿನ ಮಟ್ಟಿಗೆ ಕ್ಷಮಿಸಿಬಿಡುತ್ತೇನೆ.

ಟೈಟ್ರೇಶನ್‌ಗೆ, ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ತೊಟ್ಟು ತೊಟ್ಟಾಗಿ ಬಿಟ್ಟು ಅಳೆಯುವ ಪ್ರಯೋಗಕ್ಕೆ, ಮಾತ್ರ ಇದನ್ನು ತರಬೇಡಿ. ಬಣ್ಣ ಮೆಲ್ಲಗೆ ಜಾರುತ್ತಾ ಹೋಗುವುದರಿಂದ ಎಂಡ್ ಪಾಯಿಂಟ್ (ಬಿಡುವುದನ್ನು ನಿಲ್ಲಿಸಬೇಕಾದ ಹಂತ) ಎಲ್ಲಿ ಅಂತಲೇ ತಿಳಿಯಲ್ಲ. ಆಕ್ಸಾಲಿಕ್ ಆಮ್ಲಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಬಿಡುವಾಗ ಫಿನಾಫ್ತಲೀನ್ ಅನ್ನುವ ಇಂಡಿಕೇಟರೇ ಸರಿ. ಪಿಎಚ್ 8.2 ದಾಟುತ್ತಿದ್ದಂತೆ ತಿಳಿ ಗುಲಾಬಿ ಕಾಣುತ್ತದೆ.

ಕೊಳ್ಳುವವರಿಗೆ ಒಂದೇ ಮಾತು: ಅಗ್ಗ ಅಂತ 500 ಎಂಎಲ್ ಬಾಟಲಿ ತಗೋಬೇಡಿ. ಮುಚ್ಚಳ ಸಡಿಲವಾದರೆ ಸ್ಪಿರಿಟ್ ಹಾರಿ ದ್ರಾವಣ ಗಟ್ಟಿಯಾಗುತ್ತದೆ, ಅದೇ ಎರಡು ತೊಟ್ಟಿಗೆ ಬಣ್ಣ ಕಪ್ಪಿಡುತ್ತದೆ. 100 ಎಂಎಲ್ ಸಾಕು, ಬರ್ನರ್‌ನಿಂದ ದೂರವಿಡಿ.